ಮುರಿದ ಸೂಜಿ, ಒಡೆದ ಜಾಡಿ

ಫೆಬ್ರುವರಿ 8ರ ಬೆಳಿಗ್ಗೆ ಟೋಕಿಯೋದ ಅಸಾಕುಸಾದಲ್ಲಿ ಒಂದು ಸಾಲಿನಲ್ಲಿ ನಿಂತಿದ್ದೆ. ಸೆನ್ಸೋಜಿ ದೇವಸ್ಥಾನದ ಆವರಣದಲ್ಲೇ ಅವಾಶಿಮಾದೋ ಅಂತ ಒಂದು ಗುಡಿ ಇದೆ. ಸಾಲು ಅದರ ಮುಂದೆ. ನನ್ನ ಕೈಯಲ್ಲಿ ಕಾಗದದಲ್ಲಿ ಸುತ್ತಿದ ಒಂದು ಸೂಜಿ ಇತ್ತು. ತುದಿ ಮುರಿದದ್ದು. ಸಾಗರದ ಪೇಟೆಯಲ್ಲಿ ಕೊಂಡದ್ದು, ಎಂಟು ವರ್ಷ ನನ್ನ ಸೀರೆಗಳಿಗೆಲ್ಲ ಫಾಲ್ಸ್ ಹಚ್ಚಿದ್ದು.

ಕರೆದುಕೊಂಡು ಬಂದವರು ನಮ್ಮ ಪಕ್ಕದ ಮನೆಯ ಅಜ್ಜಿ. ಕಿಮೋನೋ ಹೊಲಿದೇ ಜೀವನ ಮಾಡಿದವರು. ಅವರ ಹತ್ತಿರ ಒಂದು ಪುಟ್ಟ ಡಬ್ಬಿ ತುಂಬ ಸೂಜಿ ಇತ್ತು, ಎಲ್ಲ ಬಗ್ಗಿದವು, ಮುರಿದವು. ಗುಡಿಯ ಮುಂದೆ ಒಂದು ದೊಡ್ಡ ತೋಫು ಗಡ್ಡೆ ಇಟ್ಟಿದ್ದರು. ಬಂದವರು ಒಬ್ಬೊಬ್ಬರಾಗಿ ತಮ್ಮ ಸೂಜಿಯನ್ನು ಅದಕ್ಕೆ ಚುಚ್ಚಿ, ಕೈ ಮುಗಿದು ಹೋಗುತ್ತಿದ್ದರು. ಇದಕ್ಕೆ ಹರಿ-ಕುಯೋ ಅಂತಾರೆ. ಹರಿ ಅಂದರೆ ಸೂಜಿ. ತೋಫು ಯಾಕೆ ಅಂತ ಕೇಳಿದೆ. "ಪಾಪ, ಜೀವಮಾನ ಪೂರ್ತಿ ಗಟ್ಟಿ ಬಟ್ಟೆ ಚುಚ್ಚಿ ಚುಚ್ಚಿ ದಣಿದಿರುತ್ತದೆ. ಕೊನೆಗಾದರೂ ಮೆತ್ತಗಿರೋ ಕಡೆ ಮಲಗಲಿ" ಅಂದರು.

ನಾನೂ ಚುಚ್ಚಿದೆ. ಸೂಜಿ ಸದ್ದಿಲ್ಲದೆ ಒಳಗೆ ಹೋಯಿತು. ಹಿಂಬದಿಯ ಕಣ್ಣು ಮಾತ್ರ ಹೊರಗೆ ಕಾಣುತ್ತಿತ್ತು, ಅದರಲ್ಲಿ ಒಂದು ಎಳೆ ಹಸಿರು ದಾರ ಹಾಗೇ ಸಿಕ್ಕಿಕೊಂಡಿತ್ತು. ಅಷ್ಟಕ್ಕೇ ನನಗೆ ಅಳು ಬಂತು. ಅಜ್ಜಿ ಬೆನ್ನು ಸವರಿದರು, ಸೂಜಿಗಾಗಿ ಅಳುತ್ತಿದ್ದಾಳೆ ಅಂದುಕೊಂಡಿರಬೇಕು. ನನಗೆ ನೆನಪಾಗಿದ್ದು ನವೆಂಬರಿನಲ್ಲಿ ಊರಿಗೆ ಹೋಗಿದ್ದಾಗ ನಡೆದದ್ದು.

ನಮ್ಮ ಮನೆ ಸಾಗರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಹೆಂಚು ಇಳಿಸಿ ಸ್ಲ್ಯಾಬ್ ಹಾಕಿಸಬೇಕು ಅಂತ ಅಣ್ಣ ತೀರ್ಮಾನ ಮಾಡಿದ್ದ. ಹೆಂಚು ಇಳಿದರೆ ಅಟ್ಟವೂ ಹೋಗುತ್ತದೆ. ಅಟ್ಟ ಖಾಲಿ ಮಾಡೋಕೆ ಅಂತಲೇ ಮೂರು ವಾರ ರಜೆ ಹಾಕಿ ಹೋಗಿದ್ದೆ.

ಮಲೆನಾಡಿನ ಅಟ್ಟ ಹತ್ತಿದವರಿಗೆ ನಾನೇನೂ ಹೇಳಬೇಕಿಲ್ಲ. ಕಣ್ಣಿಗೆ ಇಲ್ಲಣ, ಮೂಗಿಗೆ ಹೊಗೆ. ಒಂದು ಕಡೆ ಗೊರಬು, ಕಂಬಳಿ, ಮೆಟ್ಟುಗತ್ತಿ. ಇನ್ನೊಂದು ಕಡೆ ಕಾಲು ಮುರಿದ ತೊಟ್ಟಿಲು, ಗಾಜಿಲ್ಲದ ಲಾಟೀನು, ಭದ್ರಾವತಿ ಸ್ಟೇಷನ್ ಹಿಡಿಯುತ್ತಿದ್ದ ಅಪ್ಪನ ರೇಡಿಯೋ. ಕೊಡೆಗಳ ಬರೀ ಕಡ್ಡಿಗಳೇ ಒಂದು ಕಟ್ಟು. ಯಾರ್‍ಯಾರದೋ ಮದುವೆ ಕಾಗದಗಳ ಎರಡು ಟ್ರಂಕು, ಅದರಲ್ಲಿ ಎಷ್ಟೋ ಜೋಡಿಗಳಿಗೆ ಈಗ ಮೊಮ್ಮಕ್ಕಳು. ಪ್ರತಿಯೊಂದನ್ನೂ ಇಳಿಸಿ ಅಂಗಳದಲ್ಲಿ ಇಟ್ಟ ಹಾಗೆ ಅಮ್ಮನದು ಒಂದೇ ಮಾತು. "ಇರ್ಲಿ ಬಿಡೇ, ಯಾವತ್ತಾದ್ರೂ ಬೇಕಾಗುತ್ತೆ."

ನಾಲ್ಕನೇ ದಿನ ಜಾಡಿ ಸಿಕ್ಕಿತು. ನನ್ನ ಮೊಣಕಾಲೆತ್ತರದ ಉಪ್ಪಿನಕಾಯಿ ಜಾಡಿ. ಮೇಲೆ ಕಂದು, ಕೆಳಗೆ ಬಿಳಿ. ಬಾಯಿಯ ಒಂದು ತುಂಡು ಹಾರಿಹೋಗಿದೆ. ಅಲ್ಲಿಂದ ಹೊಟ್ಟೆಯವರೆಗೂ ಸೀಳು. ಸೀಳು ದೊಡ್ಡದಾಗದಿರಲಿ ಅಂತ ಯಾರೋ ಕುತ್ತಿಗೆಗೆ ತಂತಿ ಬಿಗಿದಿದ್ದಾರೆ, ಆ ತಂತಿಗೂ ತುಕ್ಕು. ಒಳಗೆ ಏನೂ ಇಲ್ಲ. ಆದರೆ ಮುಖ ಇಟ್ಟು ಮೂಸಿದರೆ ತಳದಲ್ಲೆಲ್ಲೋ ಉಪ್ಪು ಮತ್ತು ಅಪ್ಪೆಮಿಡಿಯ ಸೊನೆ. ಅಮ್ಮ ಆ ಹೊತ್ತಿಗೆ ಯಾರದೋ ಮನೆಯ ಸತ್ಯನಾರಾಯಣ ಪೂಜೆಗೆ ಹೋಗಿದ್ದಳು. ಗುಜರಿಯವನು ತಾಮ್ರ, ಹಿತ್ತಾಳೆ, ಕಬ್ಬಿಣ ತೂಗಿಕೊಂಡ. ಜಾಡಿ ಬೇಡ ಅಂದ. ನಾನು ಅದನ್ನು ಹೊತ್ತುಕೊಂಡು ಹೋಗಿ ತೋಟದಾಚೆಯ ಅಗಳಿನಲ್ಲಿ ಇಟ್ಟು ಬಂದೆ.

ಸಂಜೆ ಅಮ್ಮನಿಗೆ ಗೊತ್ತಾಯಿತು. ಅವಳು ಬೈಯಲಿಲ್ಲ. ಒಂದೇ ಮಾತು ಹೇಳಿದಳು.

"ನೀರಿಗೆ ಬಿಟ್ಟಿದ್ದು ಸಾಲದಾ?"

ಆಮೇಲೆ ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಅಣ್ಣ ಟಾರ್ಚು ಹಿಡಿದು ಹೋಗಿ ಜಾಡಿ ವಾಪಸ್ ತಂದ.

ಆ ಜಾಡಿ ಅಪ್ಪನ ಅಮ್ಮನದು. ಶರಾವತಿಗೆ ಹಿರೇಭಾಸ್ಕರ ಕಟ್ಟೆ ಕಟ್ಟಿ 1948ರಲ್ಲಿ ನೀರು ನಿಲ್ಲಿಸಿದಾಗ ಅವರ ಗದ್ದೆಯ ಅಂಚಿಗೆ ನೀರು ಬಂದು ನಿಂತಿತ್ತಂತೆ. ಆಮೇಲೆ ಲಿಂಗನಮಕ್ಕಿ ಅಣೆಕಟ್ಟು ಬಂತು. 1964ರಲ್ಲಿ ಅದು ಮುಗಿಯುವ ಹೊತ್ತಿಗೆ ಊರೇ ಇರಲಿಲ್ಲ. ಅಜ್ಜ ಮನೆಯ ಕಂಬ, ತೊಲೆ, ಬಾಗಿಲು ಬಿಚ್ಚಿ ಗಾಡಿಗೆ ಹೇರಿದ. ಅಜ್ಜಿ ಆ ವರ್ಷ ಹಾಕಿದ್ದ ಮಿಡಿ ಉಪ್ಪಿನಕಾಯಿಯ ಜಾಡಿಯನ್ನು ಮಡಿಲಲ್ಲಿ ಹಿಡಿದು ಕೂತಳು. ಹೊಳೆದಂಡೆಯ ಅಪ್ಪೆಮರದ ಕೊನೆಯ ಮಿಡಿ ಅದರಲ್ಲಿತ್ತು. ಮರ ನೀರಿನಡಿ ಹೋಯಿತು. ಉಪ್ಪಿನಕಾಯಿಯನ್ನು ಹೊಸ ಊರಿನಲ್ಲಿ ನಾಲ್ಕು ವರ್ಷ ತಿಂದರು ಅಂತ ಅಪ್ಪ ಹೇಳುತ್ತಿದ್ದ. ಮುಗಿದ ಮೇಲೆ ಅಜ್ಜಿ ಜಾಡಿ ತೊಳೆಯಲಿಲ್ಲ.

ನನಗೆ ಆಶ್ಚರ್ಯ ಆಗುವುದು ಏನು ಗೊತ್ತಾ? ಅಮ್ಮ ಆ ಊರನ್ನು ನೋಡಿದವಳೇ ಅಲ್ಲ. ಅವಳ ತವರು ತೀರ್ಥಹಳ್ಳಿ ಕಡೆ. ಮದುವೆಯಾಗಿ ಬರುವ ಹೊತ್ತಿಗೆ ಎಲ್ಲ ಮುಳುಗಿ ಎಷ್ಟೋ ವರ್ಷ ಆಗಿತ್ತು. ಆದರೂ ಮಳೆಗಾಲದಲ್ಲಿ ಪೇಪರಿನಲ್ಲಿ ಲಿಂಗನಮಕ್ಕಿ ಮಟ್ಟ ಪೂರ್ತಿ ತುಂಬುವ 1,819 ಅಡಿಗೆ ಹತ್ತಿರ ಬಂತು ಅಂತ ಓದಿದರೆ ಅವಳ ಮುಖ ಸಣ್ಣದಾಗುತ್ತದೆ. ಅತ್ತೆಯಿಂದ ಹಂಡೆ, ಹರಿವಾಣದ ಜೊತೆ ಆ ದುಃಖವನ್ನೂ ಬಳುವಳಿ ಪಡೆದಿದ್ದಾಳೆ. ನಾಳೆ ಅದು ನನ್ನ ಅತ್ತಿಗೆಗೆ ಹೋಗಬೇಕಾ?

ಇಲ್ಲೇ ನನಗೆ ನಮ್ಮವರ ಮೇಲೆ ಸಿಟ್ಟು ಬರುವುದು. ನಾವು ಸಾಮಾನನ್ನು ಪೂಜೆ ಮಾಡುತ್ತೇವೆ. ಆಯುಧಪೂಜೆಗೆ ಕತ್ತಿ, ಗುದ್ದಲಿಯಿಂದ ಹಿಡಿದು ಮಿಕ್ಸಿ, ಸ್ಕೂಟರ್‌ವರೆಗೆ ಎಲ್ಲಕ್ಕೂ ಕುಂಕುಮ. ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುತ್ತೇವೆ. ಆದರೆ ಕೆಲಸ ಮುಗಿದ ಸಾಮಾನನ್ನು ಕಳಿಸುವುದು ಹೇಗೆ ಅಂತ ನಮಗೆ ಯಾರೂ ಕಲಿಸಿಲ್ಲ. ಮುರಿದ ಸೂಜಿಯನ್ನು ಅಮ್ಮ ಕ್ಯಾಲೆಂಡರಿನ ಅಂಚಿಗೆ ಚುಚ್ಚಿಡುತ್ತಾಳೆ. ಕ್ಯಾಲೆಂಡರ್ ಬದಲಾಗುತ್ತದೆ, ಸೂಜಿ ಹೊಸ ಕ್ಯಾಲೆಂಡರಿಗೆ ಹೋಗುತ್ತದೆ. ದೇವರ ಹಳೇ ಫೋಟೋ ಆದರೆ ಅಶ್ವತ್ಥಕಟ್ಟೆ ಇದೆ. ಗಣಪತಿಗೆ ಕೆರೆ ಇದೆ. ಆದರೆ ಗಣಪತಿಯನ್ನು ಬಿಡುವಾಗಲೂ ಮುಂದಿನ ವರ್ಷ ಬಾ ಅಂತಲೇ ಅಲ್ವಾ ಬಿಡೋದು? ಮನೆಯಿಂದ ಹೊರಡುವಾಗ "ಹೋಗ್ತೀನಿ" ಅಂದರೆ ಅಮ್ಮ ಈಗಲೂ ತಡೆಯುತ್ತಾಳೆ, "ಬರ್ತೀನಿ ಅನ್ನು" ಅಂತಾಳೆ. ವಾಪಸ್ ಬಾರದ್ದನ್ನು ಕಳಿಸಿಕೊಡೋ ಮಾತು ನಮ್ಮ ಬಾಯಲ್ಲಿ ಇಲ್ಲ. ಹಾಗಾಗಿ ಅದೆಲ್ಲ ಅಟ್ಟಕ್ಕೆ ಹೋಗುತ್ತದೆ.

ಅಟ್ಟದಲ್ಲಿ ಅದು ಸುಖವಾಗಿ ಇರುತ್ತದಾ? ಅಜ್ಜ ಅಜ್ಜಿಗೆ ಬರೆದ ಕಾಗದಗಳನ್ನು ಒಂದು ಕೆಂಪು ವಸ್ತ್ರದಲ್ಲಿ ಕಟ್ಟಿ ಇಟ್ಟಿದ್ದರು. ಅದು ಅಟ್ಟದಲ್ಲಿದೆ ಅಂತ ನಮಗೆಲ್ಲ ಗೊತ್ತಿತ್ತು. ಯಾವತ್ತಾದರೂ ಬಿಡುವಾದಾಗ ಓದೋಣ ಅಂತಿತ್ತು. ನವೆಂಬರಿನಲ್ಲಿ ಗಂಟು ಬಿಚ್ಚಿದರೆ ಮಣ್ಣು. ಗೆದ್ದಲು ಒಂದಕ್ಷರವನ್ನೂ ಬಿಟ್ಟಿರಲಿಲ್ಲ. ಮೇಲಿನ ವಸ್ತ್ರ ಮಾತ್ರ ಗಟ್ಟಿಯಾಗಿತ್ತು. ಅಮ್ಮ ಆ ಮಣ್ಣನ್ನು ಸೆರಗಿನಲ್ಲಿ ಹಿಡಿದುಕೊಂಡು ಕಂಬಕ್ಕೆ ಒರಗಿ ಕೂತಳು. ಹತ್ತು ವರ್ಷದ ಹಿಂದೆ ಇಳಿಸಿ, ಒಂದು ಮಧ್ಯಾಹ್ನ ಕೂತು, ಎಲ್ಲರೂ ಸೇರಿ ಜೋರಾಗಿ ಓದಿ, ಆಮೇಲೆ ತುಂಗೆಗೋ ಶರಾವತಿಗೋ ಬಿಟ್ಟಿದ್ದರೆ ಆಗುತ್ತಿರಲಿಲ್ಲವಾ? ಮುಟ್ಟದೆ, ನೋಡದೆ ಇಟ್ಟು, ಅದನ್ನೇ ಪ್ರೀತಿ ಅಂದುಕೊಂಡೆವು.

ಇಲ್ಲಿ ಜಪಾನಿನವರು ಹಾಗಲ್ಲ. ಗೊಂಬೆಗಳಿಗೂ ಇಂಥದೇ ಒಂದು ಕ್ರಮ ಇದೆ. ಹೆಣ್ಣು ಮಗು ಹುಟ್ಟಿದರೆ ಹಿನಾ ಗೊಂಬೆಗಳನ್ನು ತರುತ್ತಾರೆ, ವರ್ಷ ವರ್ಷ ಮಾರ್ಚ್ 3ರ ಹಬ್ಬಕ್ಕೆ ಇಡುತ್ತಾರೆ. ಆ ಮಗು ಅಜ್ಜಿಯಾದ ಮೇಲೆ ಗೊಂಬೆಗಳನ್ನು ಏನು ಮಾಡುವುದು? ಕಸಕ್ಕೆ ಹಾಕಲು ಮನಸ್ಸು ಬರಲ್ಲ. ಅದಕ್ಕೇ ದೇವಸ್ಥಾನಗಳಲ್ಲಿ ಗೊಂಬೆಗಳ ಬೀಳ್ಕೊಡುಗೆ ನಡೆಯುತ್ತದೆ. ಟೋಕಿಯೋದ ಮೇಜಿ ಮಂದಿರದಲ್ಲಿ ಅಕ್ಟೋಬರಿನಲ್ಲಿ ಇಂಥ ಒಂದು ದಿನ ಇದೆ. ನಾನು ನೋಡಿದ ವರ್ಷ ಸಾಲು ಸಾಲು ಗೊಂಬೆಗಳು ಕೂತಿದ್ದವು. ಒಬ್ಬ ಹೆಂಗಸು ತನ್ನ ಗೊಂಬೆಯ ಕೂದಲು ಸರಿಮಾಡಿ, ಬಗ್ಗಿ ನಮಸ್ಕಾರ ಮಾಡಿ, ತಿರುಗಿ ನೋಡದೆ ಹೋದಳು. ಇದನ್ನು ನಾವು ಕಲಿಯಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ. ಸಾಮಾನನ್ನು ಕೈಯಲ್ಲಿ ಹಿಡಿದು, ಉಪಕಾರವಾಯಿತು ಅಂತ ಹೇಳಿ ಕಳಿಸುವುದನ್ನು.

ಇಷ್ಟು ಬರೆದ ಮೇಲೆ ಒಂದು ವಿಷಯ ಬಚ್ಚಿಟ್ಟರೆ ತಪ್ಪಾಗುತ್ತದೆ. ಎರಡು ವರ್ಷದ ಹಿಂದೆ ಮಗಳ ಪುಟ್ಟ ಮರದ ಕುರ್ಚಿ ಬಿಸಾಡಿದೆವು. ಇಲ್ಲಿ ಒಂದಡಿಗಿಂತ ದೊಡ್ಡ ಸಾಮಾನಾದರೆ ಮುಂಚೆಯೇ ಹೇಳಿ ದಿನ ಗೊತ್ತುಮಾಡಬೇಕು, ಅಂಗಡಿಯಲ್ಲಿ ಚೀಟಿ ಕೊಂಡು ಅಂಟಿಸಬೇಕು. 200 ಯೆನ್‌ದೊಂದು, 300 ಯೆನ್‌ದೊಂದು. ಕುರ್ಚಿಗೆ ಚೀಟಿ ಅಂಟಿಸಿ ಬೆಳಿಗ್ಗೆ ಎಂಟಕ್ಕೆ ಮುಂಚೆ ಕೆಳಗಿಟ್ಟೆ. ಲಾರಿ ಬಂತು, ಎತ್ತಿ ಹಾಕಿದರು, ಯಂತ್ರ ಅದನ್ನು ಅಲ್ಲೇ ನುಚ್ಚುನೂರು ಮಾಡಿತು. ಮಗಳು ಕಿಟಕಿಯಲ್ಲಿ ನಿಂತಿದ್ದಳು. ಆ ಕುರ್ಚಿಗೆ ಯಾರೂ ಕೈ ಮುಗಿಯಲಿಲ್ಲ, ನಾನೂ ಮುಗಿಯಲಿಲ್ಲ. ಊರಿನಲ್ಲಾಗಿದ್ದರೆ ಅದು ಇಷ್ಟು ಹೊತ್ತಿಗೆ ಮೂರು ಮನೆ ಸುತ್ತಿ ನಾಲ್ಕನೇ ಮಗುವನ್ನು ಕೂರಿಸಿಕೊಂಡಿರುತ್ತಿತ್ತು.

ಇಲ್ಲಿ ಎಲ್ಲರೂ ಸಲೀಸಾಗಿ ಬಿಟ್ಟುಕೊಡುತ್ತಾರೆ ಅಂತಲೂ ಅಲ್ಲ. 2023ರ ಲೆಕ್ಕದಲ್ಲಿ ಜಪಾನಿನಲ್ಲಿ ಖಾಲಿ ಬಿದ್ದ ಮನೆಗಳು 90 ಲಕ್ಷ. ಪಕ್ಕದ ಮನೆಯ ಅಜ್ಜಿಯ ತವರು ಮನೆಯೂ ಅಂಥದ್ದೇ ಒಂದು. ಅಪ್ಪ ಅಮ್ಮ ಹೋಗಿ ಹದಿನೈದು ವರ್ಷ ಆದರೂ ಅವರ ಬಟ್ಟೆ ಬೀರುವಿನಲ್ಲೇ ಇದೆಯಂತೆ. ತೀರಿಕೊಂಡವರ ಸಾಮಾನು ವಿಂಗಡಿಸಿ ಕೊಡುವುದನ್ನೇ ಕಸುಬು ಮಾಡಿಕೊಂಡವರು ಇಲ್ಲಿದ್ದಾರೆ. ಅವರನ್ನು ಕರೆಸಬೇಕು ಅಂತ ಪ್ರತಿ ವರ್ಷ ಅಂದುಕೊಳ್ಳುತ್ತಾರೆ. ಕರೆಸಿಲ್ಲ.

ಅಟ್ಟದ ಬಗ್ಗೆಯೂ ಒಂದು ಮಾತು ಒಪ್ಪಬೇಕು. ನಮ್ಮ ಅಟ್ಟ ನಮ್ಮೊಬ್ಬರದು ಆಗಿರಲೇ ಇಲ್ಲ. ಊರಲ್ಲಿ ಯಾರ ಮನೆಯಲ್ಲಿ ಮದುವೆಯಾದರೂ ನಮ್ಮ ಕೊಪ್ಪರಿಗೆ ಇಳಿಯುತ್ತಿತ್ತು. ಆ ತೊಟ್ಟಿಲಿನಲ್ಲಿ ಮಲಗಿದ ಮಕ್ಕಳ ಲೆಕ್ಕ ಅಮ್ಮನಿಗೂ ಇಲ್ಲ. "ಯಾವತ್ತಾದ್ರೂ ಬೇಕಾಗುತ್ತೆ" ಅನ್ನುವುದು ಆಗ ನಿಜವೇ ಆಗಿತ್ತು, ಬೇಕಾದವರು ಬರುತ್ತಿದ್ದರು. ಈಗ ಕೇಟರಿಂಗಿನವರು ತಮ್ಮ ಪಾತ್ರೆ ತಾವೇ ತರುತ್ತಾರೆ. ಹುಡುಗರೆಲ್ಲ ಬೆಂಗಳೂರಿನಲ್ಲಿ, ನನ್ನಂಥವರು ಇನ್ನೂ ದೂರದಲ್ಲಿ. ಅಮ್ಮ ಕಾಯುತ್ತಿರುವುದು ಕೇಳಿಕೊಂಡು ಬರುವವರನ್ನು. ಅದನ್ನು ನಾನು ನವೆಂಬರಿನಲ್ಲಿ ಯೋಚಿಸಲಿಲ್ಲ. ಕೊಪ್ಪರಿಗೆಯನ್ನು ಊರ ದೇವಸ್ಥಾನಕ್ಕೆ ಕೊಡೋಣವಾ ಅಂತ ಅತ್ತಿಗೆ ಮೆಲ್ಲಗೆ ಕೇಳಿದಾಗ ಅಮ್ಮ ತಕ್ಷಣ ಒಪ್ಪಿದಳು. ಹುಣಸೆಹಣ್ಣು ಹಾಕಿ ತಾನೇ ಬೆಳಗಿ ಕೊಟ್ಟಳು. ಮೂರು ವಾರ ನಾನು ವಾದ ಮಾಡಿ ಆಗದ್ದು ಅದು.

ಅಸಾಕುಸಾದಿಂದ ಮನೆಗೆ ಬಂದವಳೇ ಊರಿಗೆ ಫೋನ್ ಮಾಡಿದೆ. ಸೂಜಿಯ ಕಥೆ ಪೂರ್ತಿ ಹೇಳಿದೆ. ಅಮ್ಮ ಮಧ್ಯೆ ಮಾತಾಡದೆ ಕೇಳಿದಳು. ತೋಫು ಅಂದರೆ ಏನು ಅಂತ ಕೇಳಿದಳು. ಸೋಯಾ ಹಾಲಿನಿಂದ ಮಾಡೋದು, ಗಿಣ್ಣಿನ ಹಾಗೆ ಮೆತ್ತಗಿರುತ್ತದೆ ಅಂದೆ.

"ಒಳ್ಳೇ ಕ್ರಮ ಕಣೆ" ಅಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಕೇಳಿದಳು, "ಸೂಜಿಗಾಯ್ತು. ಒಡೆದ ಜಾಡಿಗೆ ಏನ್ ಮಾಡ್ತಾರೆ ಅಲ್ಲಿ?"

ನನಗೆ ಗೊತ್ತಿರಲಿಲ್ಲ. ಹಿನ್ನೀರಿಗೆ ಬಿಡೋಣವಾ, ಅಜ್ಜಿಯ ಊರಿಗೇ ಹೋದ ಹಾಗಾಗುತ್ತದೆ ಅಂತ ಬಾಯಿತುದಿಗೆ ಬಂತು. ಅವಳು ನವೆಂಬರಿನಲ್ಲಿ ಹೇಳಿದ್ದು ನೆನಪಾಗಿ ನುಂಗಿಕೊಂಡೆ. ಕೇಳಿ ಹೇಳ್ತೀನಿ ಅಂದೆ.

ಮಳೆ ಹಿಡಿಯುವ ಮುಂಚೆ ಕೆಲಸ ಮುಗಿಯಬೇಕು ಅಂತ ಅಣ್ಣ ಮುಂದಿನ ತಿಂಗಳೇ ಹೆಂಚು ಇಳಿಸುತ್ತಾನೆ. ಅಟ್ಟ ಈಗ ಪೂರ್ತಿ ಖಾಲಿ. ಜಾಡಿಯನ್ನು ಅಮ್ಮ ದೇವರ ಕೋಣೆಯ ಹೊರಗೆ, ದಿನಾ ಓಡಾಡುವ ಜಾಗದಲ್ಲಿ ಇಟ್ಟುಕೊಂಡಿದ್ದಾಳಂತೆ. ತುಕ್ಕು ಹಿಡಿದ ತಂತಿ ತೆಗೆಸಿ ಅಣ್ಣನ ಕೈಯಲ್ಲಿ ಹೊಸದು ಕಟ್ಟಿಸಿದ್ದಾಳೆ.