ಶಿರಾಡಿ ಘಾಟ್ ಇಳೀತೀರಾ ಮೇಡಂ, ಈ ಬ್ರೇಕ್‌ನಲ್ಲಿ?

ಸೋಮವಾರ ಸ್ಟಾಫ್ ರೂಮಿನಲ್ಲಿ ನಮ್ಮ ಶಾಲೆಯ ಹೊಸ ಗಣಿತ ಮೇಡಂ ಮೊಬೈಲ್ ಹಿಡಿದುಕೊಂಡು ಸಪ್ಪಗೆ ಕೂತಿದ್ದರು. ಏನಾಯ್ತು ಅಂದರೆ ಮೊಬೈಲನ್ನೇ ನನ್ನ ಕಡೆ ತಿರುಗಿಸಿದರು. ಕಾರನ್ನು ಸರ್ವಿಸ್‌ಗೆ ಬಿಟ್ಟಿದ್ದಾರೆ, ಎಸ್ಟಿಮೇಟ್ ಬಂದಿದೆ. 38,400 ರೂಪಾಯಿ. ಕೆಳಗೆ ಒಂದು ಸಾಲು: "ಈ ಕಂಡೀಷನ್‌ನಲ್ಲಿ ಗಾಡಿ ಓಡಿಸುವುದು ಅಪಾಯ." ಅದು ಆರು ತಿಂಗಳ ಹಿಂದೆ ಸಾಲ ಮಾಡಿ ತಗೊಂಡ ಸೆಕೆಂಡ್ ಹ್ಯಾಂಡ್ ಕಾರು. ದಿನಾ ಮಗಳನ್ನು ಹಿಂದೆ ಕೂರಿಸಿಕೊಂಡು ಬರುತ್ತಾರೆ. "ಇಷ್ಟೊಂದು ದುಡ್ಡು ಎಲ್ಲಿಂದ ತರಲಿ ಅಕ್ಕ? ಆದ್ರೂ ಮಗು ಕೂರೋ ಗಾಡಿ ಅಲ್ವಾ" ಅಂದರು.

ಆ ಮಾತು ಕೇಳಿ ನನಗೆ ಮೈ ಉರಿಯಿತು. ಎರಡು ವರ್ಷದ ಹಿಂದೆ ಇದೇ ಮಾತನ್ನು ನಾನೂ ಆಡಿದ್ದೆ. ಮಗುವಿನ ಜಾಗದಲ್ಲಿ ಅಮ್ಮ ಇದ್ದರು, ಅಷ್ಟೇ.

ನನ್ನದು 2015ರ ಬಿಳಿ ಬಣ್ಣದ ಸಣ್ಣ ಕಾರು. ಆಗ 58,000 ಕಿಲೋಮೀಟರ್ ಓಡಿತ್ತು. ಅಮ್ಮನದು ಧರ್ಮಸ್ಥಳಕ್ಕೆ ಒಂದು ಹರಕೆ ಬಾಕಿ ಇತ್ತು. ಹಾಸನದಿಂದ ನಾವು ಹೋಗುವುದು ಸಕಲೇಶಪುರ ದಾಟಿ, ಶಿರಾಡಿ ಘಾಟ್ ಇಳಿದು, ಗುಂಡ್ಯದ ಮೇಲೆ. ಘಾಟ್ ಇಳಿಯುವ ಮುಂಚೆ ಒಂದು ಸಲ ಸರ್ವಿಸ್ ಮಾಡಿಸಿಬಿಡೋಣ ಅಂತ ಬೆಳಗ್ಗೆ ಗಾಡಿ ಬಿಟ್ಟುಬಂದೆ. ಆಯಿಲ್, ಫಿಲ್ಟರ್, ವಾಟರ್ ವಾಶ್ ಎಲ್ಲಾ ಸೇರಿ 5,800 ಅಂದಿದ್ದರು. ಜಾಬ್ ಕಾರ್ಡ್ ಬರೆಯುವಾಗ ಸರ್ವಿಸ್ ಅಡ್ವೈಸರ್ ಹುಡುಗ ತುಂಬಾ ಮರ್ಯಾದೆಯಿಂದ ಮಾತಾಡಿದ. "ಎಲ್ಲಾದ್ರೂ ದೂರ ಹೊರಟಿದ್ದೀರಾ ಮೇಡಂ?" ಅಂತ ಕೇಳಿದ. ಧರ್ಮಸ್ಥಳಕ್ಕೆ, ಅಮ್ಮನ ಜೊತೆ ಅಂದೆ. ಅವನು ಅದನ್ನು ಯಾಕೆ ಕೇಳಿದ ಅಂತ ಗೊತ್ತಾಗಿದ್ದು ಮಧ್ಯಾಹ್ನ ಒಂದೂವರೆಗೆ ಫೋನ್ ಬಂದಾಗ.

"ಮೇಡಂ, ಬ್ರೇಕ್ ಪ್ಯಾಡ್ ಪೂರ್ತಿ ಹೋಗಿದೆ. ಡಿಸ್ಕ್ ಕೂಡ ಚೇಂಜ್ ಮಾಡ್ಬೇಕು. ಮುಂದಿನ ಎರಡೂ ಶಾಕ್ ಅಬ್ಸಾರ್ಬರ್ ಲೀಕ್ ಇದೆ. ಇಂಜಿನ್ ಫ್ಲಶ್, ಅಂದ್ರೆ ಒಳಗೆಲ್ಲಾ ತೊಳೆಯೋದು, ಮಾಡ್ಲೇಬೇಕು. ಎಲ್ಲಾ ಸೇರಿ 31,000 ಆಗುತ್ತೆ." ನಾನು ಸುಮ್ಮನಾದೆ. ಆಗ ಬಂತು ಆ ಮಾತು. "ಶಿರಾಡಿ ಘಾಟ್ ಇಳೀತೀರಾ ಮೇಡಂ, ಈ ಬ್ರೇಕ್‌ನಲ್ಲಿ? ವಯಸ್ಸಾದ ತಾಯಿ ಬೇರೆ ಇರ್ತಾರೆ."

ಬೆಳಗ್ಗೆ ನಾನೇ ಅವನ ಕೈಗೆ ಕೊಟ್ಟ ಮಾತು ಅದು. ಮಧ್ಯಾಹ್ನ ಅದನ್ನೇ ನನ್ನ ಮೇಲೆ ತಿರುಗಿಸಿದ.

ಯೋಚನೆ ಮಾಡುತ್ತೇನೆ ಅಂದೆ. ತಕ್ಷಣ ಅವನ ದನಿ ಬದಲಾಯಿತು. "ಮನೆಯವರು ಇದ್ರೆ ಅವರ ಹತ್ರ ಮಾತಾಡ್ಲಾ ಮೇಡಂ?" ಅಂದ. ಕಾರು ನನ್ನದು, ಓಡಿಸುವವಳು ನಾನು, ದುಡ್ಡು ಕೊಡುವವಳೂ ನಾನೇ. ಆದರೂ ಆ ಗಳಿಗೆಯಲ್ಲಿ ನನಗೆ ಏನೂ ಗೊತ್ತಿಲ್ಲ ಅಂತಲೇ ಅನ್ನಿಸಿತು. ಅದಕ್ಕೆ ನಾಚಿಕೆ ಪಡಬೇಕಾದವಳು ನಾನಲ್ಲ ಅಂತ ಅರ್ಥ ಆಗಲು ಸ್ವಲ್ಪ ದಿನ ಬೇಕಾಯಿತು.

ನನ್ನನ್ನು ಉಳಿಸಿದ್ದು ಅವನೇ ಕಳಿಸಿದ ಫೋಟೋ. ಶಾಕ್ ಅಬ್ಸಾರ್ಬರ್ ಲೀಕ್ ತೋರಿಸಿ ಅಂದಿದ್ದಕ್ಕೆ ವಾಟ್ಸಾಪ್‌ನಲ್ಲಿ ಒಂದು ಫೋಟೋ ಬಂತು. ಎಣ್ಣೆ ಸೋರಿ ಧೂಳು ಮೆತ್ತಿದ ಕೊಳವೆ. ನೋಡಿದರೆ ಹೆದರಿಕೆಯೇ ಆಗುತ್ತಿತ್ತು. ಎರಡನೇ ಸಲ ದೊಡ್ಡದು ಮಾಡಿ ನೋಡಿದೆ. ಫೋಟೋದ ಮೂಲೆಯಲ್ಲಿ ಗಾಲಿಯ ಮೇಲಿನ ತಗಡಿನ ಅಂಚು ಕಾಣುತ್ತಿತ್ತು. ಅದು ಕೆಂಪಗಿತ್ತು.

ನನ್ನ ಕಾರು ಬಿಳಿ.

ಆಟೋ ಹಿಡಿದು ಅಲ್ಲಿಗೇ ಹೋದೆ. ಒಳಗೆ ಬಂದು ನೋಡುತ್ತೇನೆ ಅಂದರೆ ಗ್ರಾಹಕರಿಗೆ ಪ್ರವೇಶವಿಲ್ಲ ಅಂತ ಬೋರ್ಡ್ ತೋರಿಸಿದರು. ಫೋಟೋ ಬಗ್ಗೆ ಕೇಳಿದರೆ "ತಪ್ಪಿ ಬಂದಿರ್ಬೇಕು, ಆದ್ರೆ ನಿಮ್ದೂ ಹಂಗೇ ಇದೆ" ಅಂದ. ಬರೀ ಸರ್ವಿಸ್ ಸಾಕು, ಬೇರೇನೂ ಬೇಡ ಅಂದೆ. ಆಗ ಒಂದು ಹಾಳೆ ಮುಂದಿಟ್ಟರು. ಬ್ರೇಕ್ ಕೆಲಸ ಬೇಡ ಅಂತ ಗ್ರಾಹಕರೇ ಹೇಳಿದ್ದಾರೆ, ಮುಂದೆ ಏನಾದರೂ ಆದರೆ ಕಂಪನಿ ಜವಾಬ್ದಾರಿಯಲ್ಲ, ಇಲ್ಲಿ ಸೈನ್ ಮಾಡಿ. ಸೈನ್ ಮಾಡುವಾಗ ಕೈ ನಡುಗಿತು. ಸುಳ್ಳು ಅಂತ ಮುಕ್ಕಾಲು ಪಾಲು ಗೊತ್ತಿದ್ದೂ ನಡುಗಿತು. ಉಳಿದ ಕಾಲು ಪಾಲು ಅನುಮಾನವೇ ಇವರಿಗೆ ಬಂಡವಾಳ.

ಅಲ್ಲಿಂದ ಸೀದಾ ಅಪ್ಪನ ಕಾಲದ ಪರಿಚಯದ ಮೇಸ್ತ್ರಿ ಹತ್ತಿರ ಹೋದೆ. ಶೀಟ್ ಹೊದಿಸಿದ ಗ್ಯಾರೇಜು, ಒಂದು ಜಾಕು, ಇಬ್ಬರು ಹುಡುಗರು. ಏನಾಯ್ತು ಅಂತ ನಾನು ಹೇಳಲಿಲ್ಲ. ಘಾಟ್ ಇಳೀಬೇಕು, ಬ್ರೇಕ್ ನೋಡಿಕೊಡಿ ಅಂದೆ, ಅಷ್ಟೇ. ಅವರು ಮುಂದಿನ ಗಾಲಿ ಬಿಚ್ಚಿದರು, ಗಾಲಿಯ ಜೊತೆ ತಿರುಗುವ ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡ್ ಹೊರಗೆ ತೆಗೆದು ಬಟ್ಟೆಯಲ್ಲಿ ಒರೆಸಿದರು, ವರ್ನಿಯರ್ ಇಟ್ಟು ಅಳೆದು ನನ್ನ ಕಡೆ ತಿರುಗಿಸಿದರು. "ನೋಡಮ್ಮ, ಆರು ಎಂಎಂ ಇದೆ. ಇನ್ನೂ ಆರಾಮಾಗಿ ಓಡುತ್ತೆ." ಹೊಸ ಪ್ಯಾಡಿನಲ್ಲಿ ಸವೆಯುವ ಭಾಗ ಸುಮಾರು 10 ಮಿಲಿಮೀಟರ್ ಇರುತ್ತದೆ. ಅದು 3ಕ್ಕೆ ಬಂದಾಗ ಬದಲಿಸಬೇಕು. ನನ್ನದು ಅರ್ಧಕ್ಕಿಂತ ಜಾಸ್ತಿಯೇ ಉಳಿದಿತ್ತು. ಡಿಸ್ಕ್ ಮೇಲೆ ಬೆರಳು ಆಡಿಸಿ ನೋಡು ಅಂದರು. ನುಣ್ಣಗಿತ್ತು. ಶಾಕ್ ಅಬ್ಸಾರ್ಬರ್ ಒಣಗಿತ್ತು, ಲೀಕ್ ಇರಲೇ ಇಲ್ಲ.

ಆಮೇಲೆ ಅವರು ಬಾನೆಟ್ ಎತ್ತಿದರು. ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳ ತೆಗೆದು ಟಾರ್ಚ್ ಬಿಟ್ಟರು. ಒಳಗೆ ಕಾಫಿ ಡಿಕಾಕ್ಷನ್ ಥರ ಕಪ್ಪಗಿತ್ತು. "ಇದನ್ನ ಯಾರೂ ಹೇಳ್ಲಿಲ್ವಾ? ಘಾಟಿಗೆ ಹೆದರ್ಬೇಕಾಗಿದ್ದು ಇದಕ್ಕೆ."

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದರೆ ನಮ್ಮ ಕಡೆ ಎಲ್ಲರೂ ಘಾಟ್ ಇಳಿಯುವವರೇ. ಬ್ರೇಕ್ ಆಯಿಲ್ ಗಾಳಿಯಲ್ಲಿರುವ ನೀರಿನ ಪಸೆ ಎಳೆದುಕೊಳ್ಳುತ್ತದೆ. ಡಾಟ್ 4 ಅನ್ನುವ ಆಯಿಲ್ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಮೂರು ನಾಲ್ಕು ಪರ್ಸೆಂಟ್ ನೀರು ಸೇರಿದರೆ ಆ ಮಟ್ಟ 155ರ ಹತ್ತಿರಕ್ಕೆ ಇಳಿಯಬಹುದು. ಇಳಿಜಾರಿನಲ್ಲಿ ಒಂದೇ ಸಮನೆ ಬ್ರೇಕ್ ತುಳಿಯುತ್ತಾ ಹೋದರೆ ಪ್ಯಾಡು, ಡಿಸ್ಕು ಎರಡೂ ಕಾದು ಆ ಬಿಸಿ ಆಯಿಲ್‌ಗೂ ಹತ್ತುತ್ತದೆ. ಆಯಿಲ್ ಕುದ್ದು ಗುಳ್ಳೆ ಎದ್ದರೆ ಪೆಡಲ್ ಮೆತ್ತಗಾಗಿ ಒಳಗೆ ಹೋಗುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಅದಕ್ಕೇ ಬಹಳಷ್ಟು ಕಂಪನಿಗಳು ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸಿ ಅಂತ ಹೇಳುತ್ತವೆ. ಅದಕ್ಕೇ ಘಾಟ್ ಇಳಿಯುವಾಗ ಎರಡನೇ, ಮೂರನೇ ಗೇರಿನಲ್ಲಿ ಇಳಿಯಬೇಕು. ಇಂಜಿನ್ನೇ ಗಾಡಿಯನ್ನು ಹಿಡಿಯುತ್ತದೆ, ಬ್ರೇಕಿನ ಕೆಲಸ ಕಮ್ಮಿಯಾಗುತ್ತದೆ.

ಮೇಸ್ತ್ರಿ ನನ್ನನ್ನೇ ಸೀಟಿನಲ್ಲಿ ಕೂರಿಸಿದರು. ಅವರು ಒಂದೊಂದೇ ಗಾಲಿ ಹತ್ತಿರ ಕೂತು ಹಳೇ ಬ್ರೇಕ್ ಆಯಿಲ್ ಹೊರಗೆ ಬಿಡುವ ನಿಪ್ಪಲ್ ಸಡಿಲ ಮಾಡುತ್ತಿದ್ದರು. "ಒತ್ತಮ್ಮ... ಹಿಡ್ಕೋ... ಬಿಡು." ಅರ್ಧ ಗಂಟೆ ಇದೇ ನಡೆಯಿತು. ಕಪ್ಪು ಹೋಗಿ ತಿಳಿ ಹಳದಿ ಬರುವವರೆಗೂ ಬಿಡಲಿಲ್ಲ. ಆಯಿಲ್ಲೂ ಲೇಬರ್ರೂ ಸೇರಿ 900 ತಗೊಂಡರು.

31,000 ರೂಪಾಯಿಯ ಪಟ್ಟಿಯಲ್ಲಿ ಈ 900 ರೂಪಾಯಿಯ ಕೆಲಸ ಇರಲೇ ಇಲ್ಲ. ನನಗೆ ಇವತ್ತಿಗೂ ಸಿಟ್ಟು ಬರುವುದು ಇದಕ್ಕೇ. ಅಮ್ಮನ ಹೆಸರು ಹೇಳಿ ಹೆದರಿಸಿದವರು ಅಮ್ಮನ ಜೀವಕ್ಕೆ ನಿಜವಾಗಿ ಬೇಕಾಗಿದ್ದನ್ನು ನೋಡಲೇ ಇಲ್ಲ.

ಇದರ ಇನ್ನೊಂದು ಮುಖ ನಮ್ಮ ಚಿಕ್ಕಪ್ಪನ ಕಥೆ. ಅವರಿಗೂ ಹಿಂದೆ ಎರಡು ಮೂರು ಸಲ ಹೀಗೇ ಟೋಪಿ ಹಾಕಿದ್ದರು. ಆಮೇಲೆ ಅವರು ಯಾರನ್ನೂ ನಂಬುವುದನ್ನೇ ಬಿಟ್ಟರು. ಬ್ರೇಕ್ ಒತ್ತಿದಾಗ ಕಿರ್ರ್ ಅಂತ ಶಬ್ದ ಬರುತ್ತಿತ್ತು. ಗ್ಯಾರೇಜಿನವನು ಪ್ಯಾಡ್ ಮುಗಿದಿದೆ ಅಂದರೆ "ಇವ್ರದ್ದೆಲ್ಲಾ ಇದೇ ಪಾಠ" ಅಂತ ವಾಪಸ್ ಬಂದರು. ಅವತ್ತು ಆ ಹುಡುಗ ಹೇಳಿದ್ದು ನಿಜ. ಎಷ್ಟೋ ಪ್ಯಾಡುಗಳಲ್ಲಿ ಒಂದು ಸಣ್ಣ ಲೋಹದ ಪಟ್ಟಿ ಇರುತ್ತದೆ. ಪ್ಯಾಡ್ ಸವೆದು ಕೊನೆಗೆ ಬಂದಾಗ ಅದು ಡಿಸ್ಕಿಗೆ ತಾಗಿ ಶಬ್ದ ಮಾಡಲಿ ಅಂತಲೇ ಇಟ್ಟಿರುತ್ತಾರೆ. ಚಿಕ್ಕಪ್ಪ ಒಂದೂವರೆ ತಿಂಗಳು ಹಾಗೇ ಓಡಿಸಿದರು. ಅರಸೀಕೆರೆ ರಸ್ತೆಯಲ್ಲಿ ಹಸು ಅಡ್ಡ ಬಂದಾಗ ಗಾಡಿ ನಿಲ್ಲಲಿಲ್ಲ, ಬದುವಿಗೆ ನುಗ್ಗಿತು. ಚಿಕ್ಕಮ್ಮನ ಭುಜದ ಮೂಳೆ ಮುರಿಯಿತು. ಸುಳ್ಳು ಹೇಳಿ ಹೆದರಿಸಿದವರೆಲ್ಲರಿಗೂ ಆ ಮುರಿದ ಮೂಳೆಯಲ್ಲಿ ಪಾಲಿದೆ ಅಂತ ನಾನು ಖಂಡಿತ ನಂಬುತ್ತೇನೆ. ನೂರು ಸಲ ಸುಳ್ಳೇ ಕೂಗಿದರೆ ನಿಜವಾದ ಕೂಗಿಗೂ ಯಾರೂ ತಿರುಗಿ ನೋಡುವುದಿಲ್ಲ.

ಆ ಅಡ್ವೈಸರ್ ಹುಡುಗನ ಮೇಲೆ ಮಾತ್ರ ಎಲ್ಲಾ ತಪ್ಪು ಹಾಕಲು ನನಗೆ ಮನಸ್ಸಿಲ್ಲ. ನನ್ನ ಹಳೇ ವಿದ್ಯಾರ್ಥಿಯೊಬ್ಬ ಇದೇ ಕೆಲಸ ಮಾಡುತ್ತಿದ್ದ, ಬಿಟ್ಟ. ತಿಂಗಳಿಗೆ ಇಷ್ಟು ಪ್ಯಾಡು, ಇಷ್ಟು ಫ್ಲಶ್, ಇಷ್ಟು ಕೋಟಿಂಗ್ ಮಾರಲೇಬೇಕು ಅಂತ ಟಾರ್ಗೆಟ್ ಇರುತ್ತದೆ ಮಿಸ್, ಆಗದಿದ್ದರೆ ಎಲ್ಲರ ಮುಂದೆ ನಿಲ್ಲಿಸಿ ಬೈಯುತ್ತಾರೆ ಅಂದ. ಇದು ನಮ್ಮಲ್ಲಿ ಮಾತ್ರ ಹುಟ್ಟಿದ ರೋಗವೂ ಅಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಸಿಯರ್ಸ್ ಅನ್ನುವ ದೊಡ್ಡ ಕಂಪನಿಯ ರಿಪೇರಿ ಕೇಂದ್ರಗಳಿಗೆ ಸರ್ಕಾರದವರೇ ಗ್ರಾಹಕರ ಥರ ಹೋಗಿ ಪರೀಕ್ಷೆ ಮಾಡಿದ್ದರು. 38 ಸಲ ಹೋದರೆ 34 ಸಲ ಬೇಡದ ಕೆಲಸ ಮಾಡಿದ್ದರು ಅಥವಾ ಮಾಡಿಸಿ ಅಂದಿದ್ದರು. 1992ರಲ್ಲಿ ಇದು ಹೊರಗೆ ಬಂದು ದೊಡ್ಡ ಗಲಾಟೆಯಾಯಿತು. ಅಲ್ಲೂ ಸಿಬ್ಬಂದಿಗೆ ಕಮಿಷನ್ ಮತ್ತು ಟಾರ್ಗೆಟ್ ಇತ್ತು. ಕೊನೆಗೆ ಅಡ್ವೈಸರ್‌ಗಳಿಗೆ ಕಮಿಷನ್ ಕೊಡುವುದನ್ನು ಕಂಪನಿಯೇ ನಿಲ್ಲಿಸಬೇಕಾಯಿತು. ಸಂಬಳವನ್ನು ಮಾರಾಟಕ್ಕೆ ಕಟ್ಟಿಹಾಕಿದರೆ ಒಳ್ಳೇ ಹುಡುಗನ ಬಾಯಲ್ಲೂ ಸುಳ್ಳು ಬರುತ್ತದೆ.

ಇನ್ನೊಂದು ಹೆದರಿಕೆಯ ಬಗ್ಗೆ ಹೇಳಲೇಬೇಕು. ಹೊರಗಡೆ ಕೈ ಹಾಕಿಸಿದರೆ ವಾರಂಟಿ ಹೋಗುತ್ತೆ ಅನ್ನುತ್ತಾರಲ್ಲ, ಅದು. 2014ರ ಆಗಸ್ಟ್‌ನಲ್ಲಿ ನಮ್ಮ ದೇಶದ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಜಾಸ್ತಿ ದಂಡ ಹಾಕಿತ್ತು. ಬಿಡಿಭಾಗಗಳು ಹೊರಗಿನ ಗ್ಯಾರೇಜುಗಳಿಗೆ ಸಿಗದ ಹಾಗೆ ಮಾಡಿದ್ದಕ್ಕೆ. ಬೇರೆ ಕಡೆ ರಿಪೇರಿ ಮಾಡಿಸಿದ ಒಂದೇ ಕಾರಣಕ್ಕೆ ವಾರಂಟಿ ರದ್ದು ಅನ್ನುವ ಷರತ್ತು ಹಾಕಬೇಡಿ ಅಂತಲೂ ಅದೇ ಆದೇಶದಲ್ಲಿ ಹೇಳಿತ್ತು. ಕಂಪನಿಗಳು ಮೇಲ್ಮನವಿಗೆ ಹೋದವು, ಅದು ಬೇರೆ ವಿಚಾರ. ಹೊಸ ಕಾರಿದ್ದರೆ ವಾರಂಟಿ ಪುಸ್ತಕವನ್ನು ನೀವೇ ಒಂದು ಸಲ ಓದಿ, ಬಾಯಿಮಾತು ನಂಬಬೇಡಿ.

ನಾನು ಈಗ ಮಾಡುವುದು ಇಷ್ಟು. ಎಲ್ಲಿಗೆ ಹೋಗುತ್ತಿದ್ದೇನೆ, ಯಾರ ಜೊತೆ ಅಂತ ಕೌಂಟರಿನಲ್ಲಿ ಹೇಳುವುದಿಲ್ಲ. ಗಾಡಿ ಬಿಡುವ ಹಿಂದಿನ ರಾತ್ರಿ ಮ್ಯಾನ್ಯುಯಲ್ ತೆಗೆದು ಎಷ್ಟು ಕಿಲೋಮೀಟರಿಗೆ ಏನು ಬದಲಿಸಬೇಕು ಅಂತ ಆ ಪಟ್ಟಿಯ ಫೋಟೋ ತೆಗೆದುಕೊಳ್ಳುತ್ತೇನೆ. ಇಂಜಿನ್ ಫ್ಲಶ್ ನನ್ನ ಪಟ್ಟಿಯಲ್ಲಿ ಎಲ್ಲೂ ಇಲ್ಲ. ಕೆಟ್ಟಿದೆ ಅಂದರೆ ಅಳತೆ ಕೇಳುತ್ತೇನೆ. ಪ್ಯಾಡ್ ಎಷ್ಟು ಎಂಎಂ ಇದೆ? ಟೈರಿನ ಗೆರೆಗಳ ಮಧ್ಯೆ ಇರುವ ಗುರುತಿನ ಮಟ್ಟಕ್ಕೆ, ಅಂದರೆ 1.6 ಮಿಲಿಮೀಟರಿಗೆ ಸವೆತ ಬಂದಿದೆಯಾ? ನಿಜ ಹೇಳುವವನಿಗೆ ಈ ಪ್ರಶ್ನೆಯಿಂದ ಕಷ್ಟವಿಲ್ಲ, ಖುಷಿಯಿಂದ ತೋರಿಸುತ್ತಾನೆ. ತೆಗೆದ ಹಳೇ ಸಾಮಾನು ಡಿಕ್ಕಿಯಲ್ಲಿ ಇಟ್ಟುಕೊಡಿ ಅಂತ ಜಾಬ್ ಕಾರ್ಡಿನಲ್ಲೇ ಬರೆಸುತ್ತೇನೆ. ದುಡ್ಡು ಕೊಟ್ಟು ಮೋಸ ಹೋಗಿದ್ದರೆ ಸುಮ್ನೆ ಕೂರಬೇಡಿ. 1915 ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಜಿಲ್ಲಾ ಗ್ರಾಹಕ ಆಯೋಗದಲ್ಲಿ, ನೀವು ಕೊಟ್ಟ ಮೊತ್ತ 5 ಲಕ್ಷದವರೆಗೆ ಇದ್ದರೆ ದೂರಿಗೆ ಶುಲ್ಕವೂ ಇಲ್ಲ. ಬಿಲ್ಲು, ಎಸ್ಟಿಮೇಟು, ವಾಟ್ಸಾಪ್ ಮೆಸೇಜು ಯಾವುದನ್ನೂ ಅಳಿಸಬೇಡಿ. ನಾನು ಆ ಕೆಂಪು ಕಾರಿನ ಫೋಟೋವನ್ನು ಇವತ್ತಿಗೂ ಇಟ್ಟುಕೊಂಡಿದ್ದೇನೆ.

ಗಣಿತ ಮೇಡಂ ವಿಚಾರಕ್ಕೆ ಬರುತ್ತೇನೆ. ಬುಧವಾರ ಶಾಲೆ ಬಿಟ್ಟ ಮೇಲೆ ಇಬ್ಬರೂ ಅವರ ಕಾರು ತಗೊಂಡು ಅದೇ ಮೇಸ್ತ್ರಿ ಹತ್ತಿರ ಹೋದೆವು. ಮಗಳು ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು. ಪಟ್ಟಿಯಲ್ಲಿ ಒಂಬತ್ತು ಕೆಲಸ ಇತ್ತು. ಮೇಸ್ತ್ರಿ ಒಂದೊಂದೇ ನೋಡುತ್ತಾ ಹೋದರು. ಕ್ಲಚ್ ಚೆನ್ನಾಗಿದೆ. ಪ್ಯಾಡ್ ಐದು ಎಂಎಂ ಇದೆ. ಬ್ಯಾಟರಿಗೆ ಮೀಟರ್ ಹಿಡಿದರು, 12.6 ವೋಲ್ಟ್ ತೋರಿಸಿತು, ಅದೂ ಚೆನ್ನಾಗಿದೆ. ಆಮೇಲೆ ಗಾಡಿ ಕೆಳಗೆ ತೂರಿ ಒಂದು ಕಬ್ಬಿಣದ ಸಲಾಕೆ ಕೊಟ್ಟು ಮೀಟಿದರು. ಎಡಗಡೆ ಲೋವರ್ ಆರ್ಮ್ ಬುಷ್, ಅಂದರೆ ಗಾಲಿಯನ್ನು ಹಿಡಿದಿರುವ ಕೆಳಗಿನ ತೋಳಿನ ರಬ್ಬರ್, ಹರಿದು ಬಾಯಿ ಬಿಟ್ಟಿತ್ತು. ನಮ್ಮಿಬ್ಬರನ್ನೂ ಬಗ್ಗಿಸಿ, ಟಾರ್ಚ್ ಬಿಟ್ಟು ತೋರಿಸಿದರು. "ಇದು ಮಾತ್ರ ನಿಜ ಕಣಮ್ಮ. ಬಿಡಂಗಿಲ್ಲ, ನಾಳೇನೇ ಹಾಕಿಸ್ಬೇಕು."

ಗುರುವಾರ ಹಾಕಿಸಿದರು. ಗಾಲಿಗಳನ್ನು ನೇರ ಮಾಡುವ ಅಲೈನ್‌ಮೆಂಟ್ ಸೇರಿ 3,600 ಆಯಿತು. ವಾಪಸ್ ಬರುವಾಗ ಅವರು ಬಹಳ ಹೊತ್ತು ಮಾತಾಡಲಿಲ್ಲ. ಡೇರಿ ಸರ್ಕಲ್ ದಾಟಿದ ಮೇಲೆ ಅಂದರು, "ಅಲ್ಲ ಅಕ್ಕ, ಅವ್ರು ಆ ಬುಷ್ ಒಂದನ್ನೇ ಹೇಳಿದ್ರೆ ಎರಡನೇ ಮಾತಾಡದೆ ಅಲ್ಲೇ ಹಾಕಿಸ್ತಿದ್ದೆ."