ಡಾಂಬರು ಹಬ್ಬಕ್ಕೆ ಬನ್ನಿ

ಬೆಂಗಳೂರಿನಿಂದ ತಂಗಿಯ ಮಗ ಫೋನ್ ಮಾಡಿದ್ದ. "ಮಾಮಾ, ಮಳೆ ಮುಗಿಯೋ ಹೊತ್ತಿಗೆ ನಿಮ್ಮೂರಿಗೆ ಬರೋಣ ಅಂತಿದೀನಿ. ಕಲಬುರಗಿಯಲ್ಲಿ ಆ ಟೈಮಲ್ಲಿ ನೋಡೋವಂಥ ಹಬ್ಬ ಏನಿರುತ್ತೆ?"

ನಾನು ಯೋಚನೆ ಮಾಡಲೇ ಇಲ್ಲ. ಸೆಪ್ಟೆಂಬರ್ 16ರ ರಾತ್ರಿ ಬಾ ಅಂದೆ.

"ಅವತ್ತು ಏನಿದೆ?"

"ಡಾಂಬರು ಹಬ್ಬ."

ಅವನು ಗೂಗಲ್‌ನಲ್ಲಿ ಹುಡುಕಿದನಂತೆ. ಸಿಗಲಿಲ್ಲವಂತೆ. ಸಿಗೋದಿಲ್ಲ. ಪಂಚಾಂಗದಲ್ಲೂ ಇಲ್ಲ, ಸರ್ಕಾರಿ ಕ್ಯಾಲೆಂಡರ್‌ನಲ್ಲೂ ಇಲ್ಲ. ಆದರೆ ಚೌತಿ ಒಂದು ವರ್ಷ ಆಗಸ್ಟ್‌ನಲ್ಲಿ ಬರುತ್ತದೆ, ಇನ್ನೊಂದು ವರ್ಷ ಸೆಪ್ಟೆಂಬರ್‌ನಲ್ಲಿ. ದಸರಾ, ದೀಪಾವಳಿ ಎರಡೂ ಹಿಂದೆ ಮುಂದೆ ಸರಿಯುತ್ತವೆ. ಡಾಂಬರು ಹಬ್ಬ ಮಾತ್ರ ಒಂದು ದಿನ ಆಚೀಚೆ ಆಗುವುದಿಲ್ಲ.

ಹೊರಗಿನವರಿಗೆ ಸ್ವಲ್ಪ ಹಿನ್ನೆಲೆ ಹೇಳಬೇಕು. ದೇಶಕ್ಕೆ ಸ್ವಾತಂತ್ರ್ಯ ಬಂದದ್ದು 1947ರ ಆಗಸ್ಟ್ 15ಕ್ಕೆ. ಆಗ ನಾವು ನಿಜಾಮರ ಕೈಯಲ್ಲಿದ್ದೆವು. 1948ರ ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಹೈದರಾಬಾದ್ ಸಂಸ್ಥಾನದೊಳಗೆ ಬಂತು. 17ಕ್ಕೆ ನಿಜಾಮರು ಶರಣಾದರು. ಅಂದರೆ ನಮಗೆ ಸ್ವಾತಂತ್ರ್ಯ ಮುಟ್ಟಿದ್ದು 13 ತಿಂಗಳು ತಡವಾಗಿ. ಆ ದಿನದ ನೆನಪಿಗೆ ಪ್ರತಿವರ್ಷ ದೊಡ್ಡವರು ಬರುತ್ತಾರೆ. ಸರ್ದಾರ್ ಪಟೇಲರ ಪ್ರತಿಮೆಗೆ ಹಾರ ಹಾಕುತ್ತಾರೆ, ಧ್ವಜ ಹಾರಿಸುತ್ತಾರೆ, ಭಾಷಣ ಮಾಡುತ್ತಾರೆ. ಮೊದಲು ಇದು ವಿಮೋಚನಾ ದಿನ ಆಗಿತ್ತು. 2019ರಲ್ಲಿ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಬಂದ ಮೇಲೆ ಕಲ್ಯಾಣ ಕರ್ನಾಟಕ ಉತ್ಸವ ಆಯಿತು. ಅದಕ್ಕೂ ಮೊದಲು, 2014ರ ನವೆಂಬರ್ 1ಕ್ಕೆ, ಗುಲ್ಬರ್ಗ ಹೋಗಿ ಕಲಬುರಗಿ ಆಗಿತ್ತು. ಹೆಸರು ಬದಲಿಸೋದರಲ್ಲಿ ನಮ್ಮ ಕಡೆ ಯಾರೂ ಜಿಪುಣತನ ಮಾಡಿಲ್ಲ.

ದೊಡ್ಡವರು ಕಾರಿನಲ್ಲಿ ಬರುತ್ತಾರೆ. ಕಾರಿಗೆ ಸಡಕ್ ಬೇಕು. ಸಡಕ್‌ಗೆ ಡಾಂಬರು ಬೇಕು. 364 ದಿನ ಯಾರಿಗೂ ಹೊಳೆಯದ ಈ ವಿಷಯ 16ನೇ ತಾರೀಖು ರಾತ್ರಿ ಹತ್ತು ಗಂಟೆಗೆ ಎಲ್ಲರಿಗೂ ಒಟ್ಟಿಗೆ ಹೊಳೆಯುತ್ತದೆ.

ಹಬ್ಬದ ಸಂಭ್ರಮವನ್ನು ನೋಡಿಯೇ ತಿಳಿಯಬೇಕು. ಮೊದಲು ವಾಸನೆ ಬರುತ್ತದೆ. ಆಮೇಲೆ ರೋಲರ್‌ನ ಸದ್ದು. ಹುಡುಗರು ಹಾಸಿಗೆ ಬಿಟ್ಟು ಓಡುತ್ತಾರೆ. ಹೆಂಗಸರು ಕಟ್ಟೆಯ ಮೇಲೆ ಕೂರುತ್ತಾರೆ. ಗಂಡಸರು ಲುಂಗಿ ಸರಿ ಮಾಡಿಕೊಳ್ಳುತ್ತಾ ಪ್ಲಾಸ್ಟಿಕ್ ಕುರ್ಚಿ ಹೊರಗೆ ತರುತ್ತಾರೆ. ಯಾರೋ ಚಹಾ ಮಾಡಿಸುತ್ತಾರೆ, ಯಾರೋ ಚೂಡಾ ಹಿಡಿದುಕೊಂಡು ಬರುತ್ತಾರೆ. ಕಾಲಿಗೆ ಗೋಣಿಚೀಲ ಸುತ್ತಿಕೊಂಡ ಕೂಲಿ ಹೆಂಗಸರು ಹೊಗೆಯಾಡುವ ಬುಟ್ಟಿ ಹೊತ್ತು ಓಡುತ್ತಿರುತ್ತಾರೆ. ಹಬ್ಬ ನಮ್ಮದು, ಸುಡುವ ಕಾಲು ಅವರದು.

ರೋಲರ್ ಮುಖ್ಯ ರಸ್ತೆಯಿಂದ ನಿಧಾನವಾಗಿ ನಮ್ಮ ಕಡೆ ಬರುತ್ತದೆ. ಬರುತ್ತದೆ, ಬರುತ್ತದೆ, ಹಿಟ್ಟಿನ ಗಿರಣಿ ತನಕ ಬರುತ್ತದೆ. ಅಲ್ಲಿ ನಿಲ್ಲುತ್ತದೆ. ಆಮೇಲೆ ಎಡಕ್ಕೆ ತಿರುಗುತ್ತದೆ.

ನಮ್ಮ ಗಲ್ಲಿ ಬಲಕ್ಕಿದೆ.

ಡಾಂಬರು ನಿಂತ ಜಾಗ ನೋಡಬೇಕು ನೀವು. ಹೋಳಿಗೆಯನ್ನು ಚಾಕುವಿನಿಂದ ಕೊಯ್ದ ಹಾಗೆ ನೇರ. ಈ ಕಡೆ ಕಡುಕಪ್ಪು, ಮಿರಿಮಿರಿ. ಆ ಕಡೆ ನಮ್ಮ ಎರೆಮಣ್ಣಿನ ರಾಡಿ, ಅದರಲ್ಲಿ ನಿಂತ ನೀರು, ನೀರಿನಲ್ಲಿ ಗಿರಣಿಯ ಟ್ಯೂಬ್‌ಲೈಟಿನ ಬಿಂಬ. ಪೋಣಿಸಿದಂತೆ ಹಾಸಿದ ಒಡೆದ ಫರಸಿ ತುಂಡುಗಳ ಮೇಲೆ ನಾವು ಒಂದೊಂದೇ ಹೆಜ್ಜೆ ಇಟ್ಟು ದಾಟುತ್ತೇವೆ. ಫರಸಿಗೆ ನಮ್ಮಲ್ಲಿ ಬರ ಇಲ್ಲ. ಶಹಾಬಾದ್ ಕಲ್ಲು ನಮ್ಮ ಜಿಲ್ಲೆಯದೇ. ಊರೂರಿನ ಪಡಸಾಲೆಗಳಿಗೆ ಅದನ್ನು ಕಳಿಸಿದವರು ನಾವು. ವಾಡಿ, ಸೇಡಂ ಕಡೆ ಸಿಮೆಂಟ್ ಫ್ಯಾಕ್ಟರಿಗಳೂ ನಮ್ಮವೇ. ಮಂದಿಯ ಊರಿನ ನೆಲಕ್ಕೆಲ್ಲ ಕಲ್ಲು, ಸಿಮೆಂಟು ಕೊಟ್ಟು ನಾವು ಮಾತ್ರ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯುತ್ತೇವೆ.

ಒಂದು ವರ್ಷ ತಡೆಯಲಾರದೆ ಅಲ್ಲಿ ನಿಂತಿದ್ದ ಸಾಹೇಬರನ್ನು ಕೇಳಿದೆ. "ಸಾಹೇಬ್ರ, ಇನ್ನೊಂದ್ ಹತ್ತ್ ಬುಟ್ಟಿ ಹಾಕಿದ್ರ ನಮ್ ಗಲ್ಲಿ ಮುಟ್ಟತದ್ರಿ."

ಅವರು ಕೆಟ್ಟವರಲ್ಲ. ಪಾಪ, ಕೈಯಲ್ಲಿದ್ದ ಕಾಗದ ತೆಗೆದು ಮೊಬೈಲ್ ಬೆಳಕಿನಲ್ಲಿ ನೋಡಿದರು. "ನಿಮ್ ಗಲ್ಲಿ ರೂಟ್‌ನ್ಯಾಗ ಇಲ್ರಿ ಯಜಮಾನ್ರ. ಮಂತ್ರಿಗಳು ಇಲ್ಲಿ ಎಡಕ್ಕ ಹೊಳ್ಳತಾರ."

"ಬಲಕ್ಕ ಹೊಳ್ಳಸ್ರಲ್ಲ."

"ಬಲಕ್ಕ ಏನದ್ರಿ?"

ಬಲಕ್ಕೆ ನಾವಿದ್ದೇವೆ ಅನ್ನೋದು ಉತ್ತರ ಅಲ್ಲ ಅಂತ ಆಗ ಗೊತ್ತಾಯಿತು.

ಅವತ್ತಿನಿಂದ ನಮ್ಮ ಓಣಿಯಲ್ಲಿ ಎರಡೇ ಜಾತಿ. ರೂಟ್‌ನಲ್ಲಿ ಇರುವವರು, ರೂಟ್‌ನಲ್ಲಿ ಇಲ್ಲದವರು. ಗಿರಣಿಯ ಎಡಕ್ಕೆ ಮನೆ ಬಾಡಿಗೆ ಬೇರೆ, ಬಲಕ್ಕೆ ಬೇರೆ. ಹೆಣ್ಣು ಕೊಡಲು ಬಂದವರು ಹುಡುಗನ ನೌಕರಿ ಕೇಳುವ ಮೊದಲು ಕೇಳುತ್ತಾರೆ: "ಮನಿ ಗಿರಣಿ ಈಚಿಗಿ ಅದನೋ, ಆಚಿಗೋ?" ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ 371 ಜೆ ಸಂವಿಧಾನಕ್ಕೆ ಸೇರಿ 2013ರಿಂದ ಜಾರಿಯಲ್ಲಿದೆ, ಒಳ್ಳೆಯದೇ ಆಯಿತು. ಅದಕ್ಕೊಂದು ಉಪವಿಧಿ ಸೇರಿಸಿ, ಗಿರಣಿಯ ಬಲಕ್ಕಿರುವವರಿಗೂ ಒಂದು ಸ್ಥಾನ ಕೊಟ್ಟರೆ ಸಾಕು.

ಪ್ರಯತ್ನ ನಾವು ಬಿಟ್ಟಿಲ್ಲ. 2024ರ ಸೆಪ್ಟೆಂಬರ್ 17ಕ್ಕೆ ಸಚಿವ ಸಂಪುಟದ ಸಭೆಯೇ ಕಲಬುರಗಿಯಲ್ಲಿ ನಡೆಯಿತಲ್ಲ, ಆಗ ನಮ್ಮ ಗಲ್ಲಿಯ ಆಸೆ ಮುಗಿಲು ಮುಟ್ಟಿತ್ತು. ಅಷ್ಟು ಜನ ಮಂತ್ರಿಗಳು, ಅಷ್ಟು ಕಾರುಗಳು. ಒಬ್ಬರಾದರೂ ದಾರಿ ತಪ್ಪಲಿಕ್ಕಿಲ್ಲವೇ? ಹುಡುಗರು ಇಡೀ ದಿನ ಗಿರಣಿ ಮುಂದೆ ಕಾದರು. ಮಂತ್ರಿಗಳು ದಾರಿ ತಪ್ಪುತ್ತಾರೆ ಅಂತ ಪೇಪರ್‌ನಲ್ಲಿ ದಿನಾ ಓದುತ್ತೇವೆ, ನಮಗೆ ಬೇಕಾದಾಗ ಮಾತ್ರ ಒಬ್ಬರೂ ತಪ್ಪಲಿಲ್ಲ.

ಮತ್ತೊಂದು ಸಲ, ತುಳಸಿ ಲಗ್ನ ಮುಗಿದು ಮದುವೆಗಳು ಶುರುವಾದಾಗ, ಎದುರುಮನೆಯವರು ಮಗನ ಲಗ್ನಪತ್ರಿಕೆಯಲ್ಲಿ ದೇವರ ಹೆಸರಿನ ಮೇಲೆ ಒಬ್ಬ ನಾಯಕರ ಹೆಸರು ಹಾಕಿಸಿದರು. ಕಲ್ಯಾಣ ಮಂಟಪ ಬೇಡ, ಮನೆ ಮುಂದೆಯೇ ಹಂದರ ಹಾಕೋಣ ಅಂತ ಇಡೀ ಗಲ್ಲಿ ಒತ್ತಾಯ ಮಾಡಿತ್ತು. ನಾಯಕರು ಪಿಎ ಅವರನ್ನು ಕಳಿಸಿದರು. ಪಿಎ ಬೈಕಿನಲ್ಲಿ ಬಂದ. ಬೈಕಿಗೆ ಯಾರು ಡಾಂಬರು ಹಾಕುತ್ತಾರೆ? ಉಡುಗೊರೆ ಕವರ್‌ನಲ್ಲಿ 101 ರೂಪಾಯಿ ಇತ್ತು, ಅದರ ಮೇಲೂ ಕೆಸರು ಸಿಡಿದಿತ್ತು.

ನಮ್ಮ ಗಲ್ಲಿಯ ಮುತ್ಯಾ ಒಬ್ಬರೇ ಇದಕ್ಕೆಲ್ಲ ತಲೆ ಕೆಡಿಸಿಕೊಳ್ಳುವುದಿಲ್ಲ. ನಿಜಾಮರ ಪರ ಹೊಡೆದಾಡುತ್ತಿದ್ದ ರಜಾಕಾರರ ಗದ್ದಲದಲ್ಲಿ ಅವ್ವನ ಸೆರಗು ಹಿಡಿದು ಜೋಳದ ಹೊಲದಲ್ಲಿ ಅಡಗಿ ಕುಳಿತಿದ್ದ ಹುಡುಗ ಅವರು. ಈಗ ಎಂಬತ್ತು ದಾಟಿದೆ. ಪ್ರತಿವರ್ಷ ರೋಲರ್ ಎಡಕ್ಕೆ ತಿರುಗಿದಾಗ ಒಂದೇ ಮಾತು ಹೇಳುತ್ತಾರೆ. "ನಮ್ಗ ಸ್ವಾತಂತ್ರ್ಯನೇ ಹದಿಮೂರು ತಿಂಗಳ ಲೇಟ್ ಬಂದದ. ಡಾಂಬರ್ ಬರ್ತದ, ತಡೀರಿ."

17ರ ಕಾರ್ಯಕ್ರಮದ ಬಗ್ಗೆ ಜಾಸ್ತಿ ಹೇಳೋದೇನಿಲ್ಲ. ಆಮಂತ್ರಣ ಪತ್ರಿಕೆ ನಾಲ್ಕು ಮಡಿಕೆ. ಮೂರೂವರೆ ಮಡಿಕೆಯಲ್ಲಿ ಗಣ್ಯರು. ಕೊನೆಯ ಮೂಲೆಯಲ್ಲಿ, ಇರುವೆ ಓದುವಷ್ಟು ಸಣ್ಣ ಅಕ್ಷರದಲ್ಲಿ ತತ್ವಪದ ಹಾಡುವವರು, "ಮತ್ತು ತಂಡ". ಹಾಡುವ ಸರದಿ ಬರುವ ಹೊತ್ತಿಗೆ ಗಣ್ಯರು ಊಟಕ್ಕೆ, ಜನ ಮನೆಗೆ. ಕುರ್ಚಿ ಎತ್ತುವ ಹುಡುಗರು ಮಾತ್ರ ಕೊನೆಯವರೆಗೂ ಕೇಳುತ್ತಾರೆ. ನನ್ನ ಪ್ರಕಾರ ಊರಿನಲ್ಲಿ ತತ್ವಪದದ ಒಳ್ಳೆಯ ರಸಿಕರು ಈಗ ಶಾಮಿಯಾನದವರೇ.

18ಕ್ಕೆ ಮಳೆ ಬರುತ್ತದೆ. ಇದನ್ನು ಹೇಳಲು ಹವಾಮಾನ ಇಲಾಖೆ ಬೇಕಿಲ್ಲ. ನಮ್ಮ ಕಡೆ ವರ್ಷದಲ್ಲಿ ಜಾಸ್ತಿ ಮಳೆ ಸುರಿಯೋದೇ ಸೆಪ್ಟೆಂಬರ್‌ನಲ್ಲಿ. ಡಾಂಬರನ್ನು ಕುದಿ ಕುದಿಯಾಗಿ, ಒಣಗಿದ, ಕಸ ಗುಡಿಸಿದ ನೆಲಕ್ಕೆ ಹಾಕಬೇಕು. ಒದ್ದೆ ನೆಲಕ್ಕೆ ಅದು ಅಂಟುವುದಿಲ್ಲ. ಕೆಳಗೆ ಇರೋದು ಎರೆಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಬಿಸಿಲಿಗೆ ಬಾಯಿ ಬಿಡುತ್ತದೆ. ತೊಗರಿಗೆ ಇದಕ್ಕಿಂತ ಒಳ್ಳೆಯ ನೆಲ ಇಲ್ಲ. ನಮ್ಮ ತೊಗರಿಬೇಳೆಗೆ 2019ರಲ್ಲಿ ಜಿಐ, ಅಂದರೆ ಈ ನೆಲದ್ದೇ ಬೆಳೆ ಅನ್ನುವ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ಆದರೆ ಅದೇ ನೆಲದ ಮೇಲೆ ಸಡಕ್ ನಿಲ್ಲಬೇಕಾದರೆ ಮುರುಮು ಹಾಕಬೇಕು, ಕಡಿ ಹಾಕಬೇಕು, ಪಕ್ಕದಲ್ಲಿ ನೀರು ಹೋಗಲು ಚರಂಡಿ ಬೇಕು. ಇದು ಇಲಾಖೆಯವರಿಗೆ ಗೊತ್ತಿಲ್ಲ ಅಂತಲ್ಲ. ಮಂತ್ರಿಗಳ ಕಾರು ದಾಟಲು ಅಷ್ಟೆಲ್ಲ ಬೇಕಾಗಿಲ್ಲ, ಅಷ್ಟೇ.

ಹಾಗಾಗಿ ಒಂದು ವಾರದಲ್ಲಿ ರೂಟ್‌ನಲ್ಲಿ ಇರುವವರ ಡಾಂಬರು ಏಳಲು ಶುರುವಾಗುತ್ತದೆ. ಮೊದಲು ಅಂಚು ಏಳುತ್ತದೆ, ಹಂಚಿನ ಮೇಲಿನ ರೊಟ್ಟಿಯ ಹಾಗೆ. ಆಮೇಲೆ ಇಡೀ ಹಾಳೆಯೇ ಕಡಕ್ ರೊಟ್ಟಿಯಂತೆ ಕೈಗೆ ಬರುತ್ತದೆ. ಒಂದು ವರ್ಷ 17ರ ಬೆನ್ನಿಗೇ ಚೌತಿ ಬಂದಿತ್ತು. ಗಣಪತಿ ಪೆಂಡಾಲಿನ ಹುಡುಗರು ಆ ಹೊಸ ಡಾಂಬರಿನಲ್ಲೇ ಹನ್ನೆರಡು ಕುಣಿ ತೋಡಿ ಕಂಬ ನೆಟ್ಟರು. ಉಳಿದಿದ್ದನ್ನು ಡಿಜೆ ಸದ್ದು ಕಿತ್ತುಹಾಕಿತು.

ಸುಳ್ಳೇಕೆ ಹೇಳಲಿ, ಅವರ ಡಾಂಬರು ಏಳುವ ದಿನ ನಮಗೂ ಒಂದು ಸಣ್ಣ ಹಬ್ಬವೇ.

ಅಳಿಯನಿಗೆ 16ಕ್ಕೆ ರಜೆ ಸಿಗಲಿಲ್ಲ. ದಸರೆಗೆ ಬಂದ. ಕೋಟೆ ತೋರಿಸಿದೆ. ಒಳಗಿನ ಜಾಮಾ ಮಸೀದಿ 1367ರದು ಅಂದೆ. ಬಹಮನಿ ಸುಲ್ತಾನರ ಕಾಲದ್ದು, ಅಂಗಳವೇ ಇಲ್ಲ, ಪೂರ್ತಿ ಮಾಡಿನ ಕೆಳಗೆ. ಅವನು ಕಮಾನಿಗೆ ಕೈ ಇಟ್ಟು, "ಇಷ್ಟು ವರ್ಷ ಹೇಗೆ ನಿಂತಿದೆ ಮಾಮಾ?" ಅಂದ. ಕಟ್ಟಿದವರಿಗೆ ಮರುದಿನ ಬೆಳಿಗ್ಗೆ ಯಾರೂ ಬರುವವರಿರಲಿಲ್ಲ ಅಂತ ಕಾಣುತ್ತದೆ.

ಸಂಜೆ ಬನ್ನಿ ಕೊಡಲು ಗಲ್ಲಿಯ ಹುಡುಗರು ಬಂದರು. "ಬಂಗಾರ ತಗೊಂಡು ಬಂಗಾರದಂಗ ಇರೋಣ್ರಿ ಅಣ್ಣಾ" ಅಂತ ಅಳಿಯನ ಕೈಗೆ ಎಲೆ ಇಟ್ಟರು. ಒಬ್ಬ ಕಿಡಿಗೇಡಿ ಎಲೆಯ ಜೊತೆ ಅಂಗೈಯಷ್ಟು ಡಾಂಬರಿನ ತುಂಡನ್ನೂ ಇಟ್ಟ. "ಇದ್ ರೂಟ್‌ನ್ಯಾಗಿಂದ್ರಿ. ಮಂತ್ರಿಗಳು ತುಳ್ದಿದ್ದು." ಅಳಿಯ ಅದರ ಫೋಟೊ ತೆಗೆದುಕೊಂಡ.

ಅಸಲು ಪವಾಡ ನಡೆದದ್ದು ಮರುದಿನ. ಅವನು ಊರು ಸುತ್ತಲು ತಂದಿದ್ದ ಬಾಡಿಗೆ ಕಾರು ಉಳಿದ ದಿನ ಯಾವುದೋ ಆಫೀಸಿಗೆ ಓಡುವುದಂತೆ. ಡ್ರೈವರ್ "ಸರ್ಕಾರಿ ಸೇವೆಯಲ್ಲಿ" ಅನ್ನುವ ಬೋರ್ಡು ತೆಗೆಯೋದು ಮರೆತಿದ್ದ. ಬಿಳಿ ಕಾರು, ಗಾಜಿನ ಹಿಂದೆ ಕೆಂಪಕ್ಷರದ ಬೋರ್ಡು, ಕೆಸರಿನಲ್ಲಿ ಹೊಯ್ದಾಡುತ್ತಾ ನಮ್ಮ ಮನೆ ಮುಂದೆ ಎರಡು ದಿನ ನಿಂತಿತ್ತು. ಯಾರು ನೋಡಿದರೋ, ಯಾರು ಯಾರಿಗೆ ಹೇಳಿದರೋ. ಅವನು ಬೆಂಗಳೂರಿಗೆ ಹೋದ ಮೂರನೇ ದಿನ ಟೇಪು ಹಿಡಿದ ಇಬ್ಬರು ಬಂದರು. ಗಿರಣಿಯಿಂದ ಅಳೆಯುತ್ತಾ ಅಳೆಯುತ್ತಾ ನಮ್ಮ ಹೊಸ್ತಿಲ ಮುಂದೆ ನಿಂತರು.

"ಇಲ್ಲಿಗಿ ಬಂದಿದ್ದ ಸಾಹೇಬ್ರು ಯಾವ ಇಲಾಖೆದವ್ರು?"

ಅಳಿಯ ಸಾಫ್ಟ್‌ವೇರ್ ಕಂಪನಿಯಲ್ಲಿದ್ದಾನೆ. "ಬೆಂಗಳೂರಾಗ ಇರ್ತಾರ್ರಿ" ಅಂದೆ.

"ವಿಧಾನಸೌಧದ ಕಡಿಂದೇನ್ರಿ?"

"ದಿನಾ ಅದರ ಮುಂದಿಂದೇ ಹೋಗ್ತಾರ."

ಇದು ಸುಳ್ಳಲ್ಲ. ಅವನ ಬಸ್ಸು ಆ ದಾರಿಯಲ್ಲೇ ಹೋಗುತ್ತದೆ.

"ಮತ್ತ ಯಾವಾಗ ಬರ್ತಾರ?"

ನಾನು ಬಾಯಿ ತೆರೆಯುವ ಮೊದಲೇ ಕಟ್ಟೆಯ ಮೇಲಿಂದ ಮುತ್ಯಾ ಕೂಗಿದರು. "ದೀಪಾವಳಿಗಿ! ಪ್ರತಿ ಹಬ್ಬಕ್ಕ ಬರ್ತಾರಂತ!"

ಇಬ್ಬರೂ ತಲೆಯಾಡಿಸಿದರು. ಗಿರಣಿಯಿಂದ ನಮ್ಮ ಬಾಗಿಲವರೆಗೆ ಸುಣ್ಣದ ಪುಡಿಯಲ್ಲಿ ಒಂದು ಬಿಳಿ ಗೆರೆ ಎಳೆದು, ಚಹಾ ಕುಡಿದು ಹೋದರು. ಅವತ್ತೇ ರಾತ್ರಿ ಅಳಿಯನಿಗೆ ಫೋನ್ ಮಾಡಿದೆ. ದೀಪಾವಳಿಗೆ ಬರಲೇಬೇಕು, ಅದೇ ಕಾರು ತರಬೇಕು, ಸ್ವೀಟ್ ಬಾಕ್ಸ್ ಮರೆತರೂ ಪರವಾಗಿಲ್ಲ, ಬೋರ್ಡು ಮರೆಯಬಾರದು.

ಈ ನಡುವೆ ಎರಡು ಸಲ ಮಳೆ ಬಂದಿದೆ. ಎರಡು ಸಲವೂ ಗೆರೆ ಅಳಿಸಿಹೋಯಿತು. ಈಗ ನಮ್ಮ ಮನೆಯವರು ದಿನಾ ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಹಾಕಿ, ಉಳಿದ ಪುಡಿ ಹಿಡಿದುಕೊಂಡು ಬಗ್ಗಿ ಬಗ್ಗಿ ಗಿರಣಿಯವರೆಗೂ ಆ ಗೆರೆಯನ್ನು ಮತ್ತೆ ಎಳೆದು ಬರುತ್ತಾರೆ.