ಕಡಲೆಕಾಯಿ ತಿನ್ನಿಸಿದವನು ಬರೀ ಅರ್ಜಿದಾರ

ಮಧುಗಿರಿ ತಾಲೂಕಿನ ಮೈದನಹಳ್ಳಿ ಪಕ್ಕ ನಮ್ಮ ಸೋದರಮಾವನ ಹೊಲವಿದೆ. ಮೂರು ಎಕರೆ ಕಡಲೆಕಾಯಿ. ಬದುವಿನ ಆಚೆ 798 ಎಕರೆ ಹುಲ್ಲುಗಾವಲು, ಜಯಮಂಗಲಿ ಕೃಷ್ಣಮೃಗ ಮೀಸಲು. ಮೀಸಲು ಎಲ್ಲಿಗೆ ಮುಗಿಯುತ್ತದೆ ಅಂತ ಕೃಷ್ಣಮೃಗಗಳಿಗೆ ಯಾರೂ ಹೇಳಿಲ್ಲ. ಬೆಳಗಿನ ಜಾವ ಮಾವನ ಹೊಲಕ್ಕೇ ತಿಂಡಿಗೆ ಬರುತ್ತವೆ.

ಮೊನ್ನೆ ಜಗಲಿ ಮೇಲೆ ಕೂತು, ಬಾಯಿ ಸುಮ್ನಿರಲಾರದೆ ಒಂದು ವಿಷಯ ಎತ್ತಿದೆ. 2014ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಒಂದು ಹರಾಜು ನಡೆಯಿತು. ನಮೀಬಿಯಾದಲ್ಲಿ ಒಂದು ಕಪ್ಪು ಖಡ್ಗಮೃಗ ಹೊಡೆಯುವ ಪರವಾನಗಿ 3,50,000 ಡಾಲರಿಗೆ ಹೋಯಿತು. ಆಗಿನ ಲೆಕ್ಕದಲ್ಲಿ ಎರಡು ಕೋಟಿ ರೂಪಾಯಿಗೂ ಜಾಸ್ತಿ. ಆ ದುಡ್ಡು ಖಡ್ಗಮೃಗಗಳನ್ನು ಉಳಿಸೋಕಂತೆ.

"ಉಳಿಸೋಕೆ ಹೊಡೆಯೋದಾ?"

"ಯಾವುದನ್ನೋ ಅಲ್ಲ ಮಾವ. ವಯಸ್ಸಾದ ಗಂಡು. ಸಂತಾನಕ್ಕೆ ಆಗಲ್ಲ, ಹರೆಯದವುಗಳ ಜೊತೆ ಬರೀ ಜಗಳ."

ಅತ್ತೆ ಅವರೆಕಾಯಿ ಬಿಡಿಸೋದು ನಿಲ್ಲಿಸಿ ಮಾವನ ಕಡೆ ಒಂದು ಸಲ ನೋಡಿದರು.

ಜಿಂಬಾಬ್ವೆಯ ಸೆಸಿಲ್ ಸಿಂಹದ ಕಥೆಯನ್ನೂ ಹೇಳಿದೆ. ಸಂಶೋಧಕರು ಕೊರಳಿಗೆ ಪಟ್ಟಿ ಕಟ್ಟಿದ್ದ ಸಿಂಹ ಅದು. 2015ರಲ್ಲಿ ಅಮೆರಿಕದ ಒಬ್ಬ ದಂತವೈದ್ಯ ಸುಮಾರು 50,000 ಡಾಲರ್ ಕೊಟ್ಟು ಬಂದು, ಬಾಣ ಬಿಟ್ಟು ಕೊಂದ. ಲೋಕವೆಲ್ಲ ಅತ್ತಿತು. ಮಾವನ ಸಂಕಟವೇ ಬೇರೆ. "ಹಲ್ಲು ಕೀಳೋದ್ರಲ್ಲಿ ಅಷ್ಟು ಸಿಗುತ್ತಾ?"

ನ್ಯಾಯವಾಗಿ ಹೇಳಬೇಕು ಅಂದರೆ, ಇದೆಲ್ಲ ಬರೀ ನಾಟಕ ಅಲ್ಲ. ಪಾಕಿಸ್ತಾನದ ಬೆಟ್ಟಗಳಲ್ಲಿ ಮಾರ್ಖೋರ್ ಅನ್ನೋ ಕಾಡುಮೇಕೆ ಉಂಟು. ಅದರ ಬೇಟೆ ಪರವಾನಗಿಯ ದುಡ್ಡಲ್ಲಿ ನೂರಕ್ಕೆ 80 ಪಾಲು ಅಲ್ಲಿನ ಹಳ್ಳಿಗಳಿಗೇ ಹೋಗುತ್ತದೆ. ಹಾಗಾಗಿ ಹಳ್ಳಿಯವರೇ ಮೇಕೆ ಕಾಯುತ್ತಾರೆ. ಲಾಭ ಇದ್ದ ಕಡೆ ಕಾವಲು. ದುಡ್ಡು ಪಟ್ಟಣದಲ್ಲೇ ಇಂಗಿಹೋದ ಕಡೆ ಪ್ರಾಣಿಗೂ ಇಲ್ಲ, ಹಳ್ಳಿಗೂ ಇಲ್ಲ.

ಮಾವ ಬೆರಳು ಎಣಿಸತೊಡಗಿದರು. ನನಗೆ ಭಯವಾಯಿತು. "ಮಾವ, ಇಲ್ಲಿ ಅದೆಲ್ಲ ನಡೆಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಕೃಷ್ಣಮೃಗ ಮುಟ್ಟಿದರೆ ಕಡಿಮೆ ಅಂದರೂ 3 ವರ್ಷ ಜೈಲು."

"ಥೂ, ಯಾರು ಹೊಡೀತಾರೆ? ನಮ್ಮಪ್ಪನ ಕಾಲದಿಂದ ಬರ್ತಾವೆ. ನಾನು ಲೆಕ್ಕ ಹಾಕ್ತಿರೋದು ಬೇರೆ. ಒಂದು ಕೊಂದು ದುಡ್ಡು ಕೊಟ್ಟೋನು ಪ್ರಾಣಿ ರಕ್ಷಕ, ಅಲ್ವಾ? ಒಂದೂ ಕೊಲ್ಲದೆ ವರ್ಷಾ ವರ್ಷಾ ಇಷ್ಟು ಮೂಟೆ ತಿನ್ನಿಸಿದೋನು ಏನು?"

ಅದಕ್ಕೆ ಕಾಗದದಲ್ಲೇ ಉತ್ತರ ಇದೆ. ಅರ್ಜಿದಾರ. ಬೆಳೆ ಪರಿಹಾರಕ್ಕೆ ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್, ಹಾಳಾದ ಬೆಳೆಯ ಫೋಟೋ. ಹೋದ ಸಲ ಒಂದು ಕಚೇರಿಯಲ್ಲಿ, ತಿಂದಿದ್ದು ಕೃಷ್ಣಮೃಗವೇ, ಕುರಿ ಅಲ್ಲ ಅನ್ನೋದಕ್ಕೆ ಏನು ಗ್ಯಾರಂಟಿ ಅಂತ ಕೇಳಿದರಂತೆ. ಡಲ್ಲಾಸ್‌ನವನಿಗೆ ಚಪ್ಪಾಳೆ, ಮಾವನಿಗೆ ಟೋಕನ್ ನಂಬರ್.

2024ರಲ್ಲಿ ಬೋಟ್ಸ್ವಾನಾದ ಅಧ್ಯಕ್ಷರು, ಬೇಟೆಯ ಬಗ್ಗೆ ಬುದ್ಧಿ ಹೇಳಲು ಬಂದ ಜರ್ಮನಿಗೆ 20,000 ಆನೆ ಕಳಿಸ್ತೀವಿ, ಸಾಕಿ ನೋಡಿ ಅಂದಿದ್ದರು. ಮಾವನಿಗೆ ಇದು ಬಹಳ ಹಿಡಿಸಿತು. ಇಪ್ಪತ್ತು ಕೃಷ್ಣಮೃಗಗಳನ್ನು ಬೆಂಗಳೂರಿನ ಯಾವುದಾದರೂ ಅಪಾರ್ಟ್‌ಮೆಂಟಿನ ಲಾನ್‌ಗೆ ಬಿಡಬಹುದಾ ಅಂತ ಕೇಳಿದರು.

ಮಾರನೇ ದಿನ ಭಾನುವಾರ. ಬೆಂಗಳೂರಿನಿಂದ ಎರಡು ಕಾರು ಬಂದವು. ಮೊಳದುದ್ದದ ಲೆನ್ಸ್‌ಗಳು ಇಳಿದವು. ಗಂಡು ಕೃಷ್ಣಮೃಗವೊಂದು ಮಾವನ ಕಡಲೆ ಸಾಲಲ್ಲಿ ತಲೆ ತಗ್ಗಿಸಿ ಮೇಯುತ್ತಿತ್ತು. ಓಡಿಸೋಕೆ ಅಂತ ಮಾವ ಟವೆಲ್ ಬೀಸುತ್ತಾ ಹೊಲಕ್ಕೆ ಇಳಿದರು.

"ಯಜಮಾನ್ರೇ," ಬದುವಿನ ಮೇಲಿಂದ ಒಬ್ಬ ಮೆಲ್ಲಗೆ ಕೂಗಿದ, "ಸ್ವಲ್ಪ ಪಕ್ಕಕ್ಕೆ ಹೋಗ್ತೀರಾ? ಫ್ರೇಮಲ್ಲಿ ಬರ್ತಿದ್ದೀರಿ."

ಮಾವ ಪಕ್ಕಕ್ಕೆ ಸರಿದು ನಿಂತರು.